ಮಳೆಗಾಲದ ಮನೆಯಲ್ಲಿ ಅಜ್ಜಿಯ ಹಿಂದೆ ಒಂದು ದಿನ

ಬೆಂಗಳೂರಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ತೀರ್ಥಹಳ್ಳಿ. ಅಲ್ಲಿಂದ ಆಗುಂಬೆ ಕಡೆಯ ಬಸ್ಸಲ್ಲಿ ಅರ್ಧ ಗಂಟೆ. ಇಳಿದು ತೋಟದ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ನಮ್ಮಜ್ಜಿ ಮನೆ. ಜುಲೈನಲ್ಲಿ ಆ ಹತ್ತು ನಿಮಿಷವೂ ಕೊಡೆ ಲೆಕ್ಕಕ್ಕಿಲ್ಲದ ಮಳೆ. ಸ್ಟೇಟಸ್‌ಗೆ ಅಂತ ನಾಲ್ಕು ಫೋಟೊ ತೆಗೆದೇ ಅಂಗಳಕ್ಕೆ ಕಾಲಿಟ್ಟೆ.

ಅಜ್ಜಿಗೆ ಈಗ 79. ಮಾವ, ಅತ್ತೆ ಜೊತೆಗಿದ್ದಾರೆ. ಆದರೆ ಹಗಲು ಅವರಿಬ್ಬರೂ ತೋಟ, ಕೊಟ್ಟಿಗೆ ಅಂತ ಹೊರಗೇ. ಸಂಜೆ ಅಜ್ಜಿಗೆ ತಲೆ ಬಾಚುವಾಗ ತೋಳಿನ ತುಂಬ ನೀಲಿಗಟ್ಟಿದ್ದು ಕಂಡಿತು.

"ಎಂಥದ್ದಜ್ಜಿ ಇದು?"

"ಎಂಥದ್ದೂ ಇಲ್ಲ ಮಾರಾಯ್ತಿ, ಬಾಗಿಲು ತಾಗಿದ್ದು."

ರಾತ್ರಿ ದೀಪ ಆರಿಸಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು. "ಬಚ್ಚಲಲ್ಲಿ ಜಾರಿ ಬಿದ್ದೆ. ಹೇಳಿದ್ರೆ ನಿಮ್ಮಮ್ಮ ನನ್ನನ್ನ ಬೆಂಗಳೂರಿಗೆ ಹೊತ್ಕೊಂಡು ಹೋಗ್ತಾಳೆ. ಆ ಡಬ್ಬಿಯಂಥ ಮನೇಲಿ ನಾನು ಎಂಥ ಮಾಡ್ಲಿ?"

ನನಗೆ ನಿದ್ದೆ ಬರಲಿಲ್ಲ. ಬಿದ್ದಿದ್ದಕ್ಕಿಂತ, ಬಿದ್ದಿದ್ದನ್ನ ಮುಚ್ಚಿಟ್ಟಿದ್ದು ಹೆಚ್ಚು ಹೆದರಿಸಿತು.

ಮರುದಿನ ಫೋನ್ ಬದಿಗಿಟ್ಟು ಅಜ್ಜಿ ಹಿಂದೆಯೇ ಸುತ್ತಿದೆ. ಹುಟ್ಟಿದಾಗಿಂದ ನೋಡಿದ ಮನೆ, ಅವತ್ತು ಬೇರೆಯೇ ಕಂಡಿತು.

ಬೆಳಗಿನ ಐದು ಗಂಟೆ, ಕರೆಂಟಿಲ್ಲ. ಎಚ್ಚರವಾದ ಕೂಡಲೇ ಅಜ್ಜಿ ದಡಕ್ಕನೆ ಎದ್ದು ನಿಂತಳು. ಬಿಪಿ ಮಾತ್ರೆ ತಗೊಳ್ಳುವವರು ಹೀಗೆ ಎದ್ದರೆ ಒತ್ತಡ ಒಮ್ಮೆಲೇ ಇಳಿದು ತಲೆ ತಿರುಗಬಹುದು. ಮಂಚದ ಅಂಚಿಗೆ ಒಂದೆರಡು ನಿಮಿಷ ಕೂತು, ಕಾಲಾಡಿಸಿ ಏಳಬೇಕು. ಮುಂದೆ ಅರ್ಧ ಅಡಿ ಎತ್ತರದ ಹೊಸಿಲು. ಕತ್ತಲಲ್ಲಿ ನೆಲ ಯಾವುದು, ಹೊಸಿಲು ಯಾವುದು ನನಗೇ ಗೊತ್ತಾಗಲಿಲ್ಲ. ಆಮೇಲೆ ಬಚ್ಚಲು. ಹಂಡೆ ಒಲೆಯ ಹೊಗೆ, ತಲೆಮಾರುಗಳ ಕಾಲಡಿ ಸವೆದು ನುಣುಪಾದ ಕಲ್ಲು, ಅದರ ಮೇಲೆ ಎಣ್ಣೆ ಸ್ನಾನದ ಗೊಂಪು. ಹಿಡಿದುಕೊಳ್ಳೋಕೆ ಇದ್ದದ್ದು ಟವೆಲ್ ನೇತುಹಾಕುವ ಕಂಬಿ ಮಾತ್ರ. ಬಟ್ಟೆಯ ಭಾರಕ್ಕೆ ಹಾಕಿದ್ದು ಮನುಷ್ಯರ ಭಾರ ತಡೀತದಾ?

ಅಂಗಳದಲ್ಲಿ ಪಾಚಿ. ಮಾವ ಬಾವಿವರೆಗೆ ಅಡಿಕೆ ದಬ್ಬೆ ಹಾಸಿದ್ದಾರೆ, ಆದರೆ ಅಜ್ಜಿ ಹೂವು ಕೊಯ್ಯೋಕೆ ಹೋಗೋದು ಬೇರೆ ದಾರಿ. ಕಾಲಲ್ಲಿ ಸವೆದು ಹಪ್ಪಳವಾದ ಹವಾಯಿ ಚಪ್ಪಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಓದಿದಾಗ ಅದು ಬರೀ ಅಂಕಿ. ಆ ಬಚ್ಚಲ ಬಾಗಿಲಲ್ಲಿ ನಿಂತಾಗ ಹೊಟ್ಟೆಯೊಳಗೆ ಚಳುಕು.

ಶನಿವಾರ ಮಾವ, ನಾನು ತೀರ್ಥಹಳ್ಳಿ ಪೇಟೆಗೆ ಹೋದ್ವಿ. ಗಟ್ಟಿ ಸ್ಟೀಲ್ ಹಿಡಿಕೆ ಎರಡು, ರಬ್ಬರ್ ಮ್ಯಾಟು, ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬು, ಹಿಂದೆ ಪಟ್ಟಿ ಇರುವ, ಅಡಿ ಜಾರದ ಚಪ್ಪಲಿ. ಹಿಡಿಕೆಯನ್ನ ಗಾರೆಯವರ ಹತ್ತಿರ ಗೋಡೆಗೆ ಆಳವಾಗಿ ಬೋಲ್ಟ್ ಹಾಕಿಸಿದ್ವಿ. ಮಾವ ಅದಕ್ಕೆ ಜೋತುಬಿದ್ದು ಪರೀಕ್ಷೆ ಮಾಡಿದ್ರು. ಹೊಸಿಲಿನ ಅಂಚಿಗೆ ಬಿಳಿ ಬಣ್ಣ. "ಇನ್ಮುಂದೆ ರಂಗೋಲಿ ಖರ್ಚು ಉಳೀತು" ಅಂತ ಅಜ್ಜಿ ನಕ್ಕಳು. ಕೋಲು ಮಾತ್ರ ಬೇಡವೇ ಬೇಡ: "ಮುದುಕಿ ಹಾಗೆ ಕಾಣ್ತದೆ!"

ಸೋಮವಾರ ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋದ್ವಿ. ಕೆಲವು ಮಾತ್ರೆಗಳು, ಅದರಲ್ಲೂ ನಿದ್ದೆಯವು, ನಡಿಗೆ ತಪ್ಪಿಸುತ್ತವಂತೆ. ಕಣ್ಣು ಪರೀಕ್ಷೆಯೂ ಆಗಲಿ ಅಂದರು. ಇನ್ನೊಂದು ಮಾತು ನನಗೆ ತಟ್ಟಿತು: ಹೆದರಿ ಮೂಲೆಯಲ್ಲಿ ಕೂರಿಸಬೇಡಿ. ಓಡಾಟ ನಿಂತರೆ ಕಾಲಿನ ಬಲ ಕುಂದುತ್ತದೆ, ಬೀಳೋದು ಇನ್ನೂ ಹೆಚ್ಚುತ್ತದೆ. ಅದಕ್ಕೇ ಈಗ ಅಜ್ಜಿಗೆ ದಿನವೂ ಒಂದು ಕೆಲಸ: ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರೋದು. ಪಕ್ಕದಲ್ಲಿ ಅತ್ತೆ ಇರಬೇಕು.

ಮನೆಯಲ್ಲಿ ಹಿರಿಯರು ಬಿದ್ದರೆ ಗಾಬರಿಯಿಂದ ಎಳೆದೆಬ್ಬಿಸಬೇಡಿ. ಸೊಂಟ, ತೊಡೆ ನೋವು ಜೋರಾಗಿದ್ದರೆ, ನಿಲ್ಲೋಕೆ ಆಗದಿದ್ದರೆ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿದ್ದರೂ ಅಷ್ಟೇ, ತಡ ಮಾಡಬಾರದು.

ಹೊರಡುವ ಹಿಂದಿನ ರಾತ್ರಿ ಅಜ್ಜಿಗೆ ಒಂದು ಮಾತು ಕೊಟ್ಟೆ. "ನೀನು ಬಿದ್ದೆ ಅಂತ ಹೇಳಿದ್ದಕ್ಕೆ ಯಾರೂ ನಿನ್ನನ್ನ ಬೆಂಗಳೂರಿಗೆ ಎಳ್ಕೊಂಡು ಹೋಗಲ್ಲ. ಆದ್ರೆ ಹೇಳ್ಬೇಕು." ಅಮ್ಮನಿಗೂ ಫೋನ್ ಮಾಡಿ ಒಪ್ಪಿಸಿದೆ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ನಿಜ ಹೇಳಬೇಕಂದ್ರೆ ನಮ್ಮ ಫ್ಲ್ಯಾಟಿನ ಟೈಲ್ಸ್ ನೀರು ಬಿದ್ದರೆ ಅಜ್ಜಿ ಮನೆ ಬಚ್ಚಲಿಗಿಂತ ಕಮ್ಮಿಯೇನೂ ಜಾರಲ್ಲ.

ಕಳೆದ ವಾರ ಫೋನ್ ಬಂತು. "ಕೊಟ್ಟಿಗೆ ಹತ್ರ ಕಾಲು ಜಾರ್ತು, ಬೀಳ್ಲಿಲ್ಲ. ಹೇಳ್ಬೇಕು ಅಂದಿದ್ಯಲ್ಲ, ಹೇಳ್ದೆ."

ಆವತ್ತೇ ಸಂಜೆ ಮಾವ ಅಲ್ಲಿಗೂ ದಬ್ಬೆ ಹಾಸಿದರು.