ಅಳಿವೆಯಲ್ಲಿ ಬಿಟ್ಟುಬಂದ ಮಾತು

ನಮ್ಮೂರು ಹಿರೀಸಾವೆ. ಊರ ಮುಂದಿನ ಹೆದ್ದಾರಿ ಮಂಗಳೂರಿಗೆ ಹೋಗುತ್ತದೆಂದು ಚಿಕ್ಕಂದಿನಿಂದ ಗೊತ್ತು. ಆ ದಾರಿ ಹಿಡಿದು ಉಳ್ಳಾಲಕ್ಕೆ ಹೋದದ್ದು ಮಾತ್ರ ಕಳೆದ ಡಿಸೆಂಬರ್‌ನಲ್ಲಿ.

16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಕೋಟೆ ಹುಡುಕುತ್ತ ಕೋಟೆಪುರಕ್ಕೆ ಹೋದವನಿಗೆ ಸಿಕ್ಕಿದ್ದು ಅಳಿವೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ನೇತ್ರಾವತಿ, ಎದುರಿಗೆ ಬೆಂಗ್ರೆ. ಉತ್ತರದಿಂದ ಬರುವ ಫಲ್ಗುಣಿಯೂ ಇಲ್ಲೇ ಕಡಲು ಸೇರುತ್ತದೆ.

“ಇಷ್ಟೊಂದು ನೀರು ವ್ಯರ್ಥ!” ಎಂದುಬಿಟ್ಟೆ. ನಮ್ಮದು ಕೊಳವೆಬಾವಿ ಬತ್ತಿ ತೆಂಗು ಒಣಗಿದ ಸೀಮೆ. ಸಕಲೇಶಪುರದ ಎತ್ತಿನಹೊಳೆಯನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಗೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಾಗ ಹಿಗ್ಗಿದವನು ನಾನು. ಆ ಹೊಳೆಯ ನೀರು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಇಲ್ಲಿಗೇ ಬರುತ್ತದೆ.

ಬಲೆ ಸರಿಮಾಡುತ್ತಿದ್ದ ಹಿರಿಯರು ತಲೆಯೆತ್ತಿದರು. “ಎಂತ ವ್ಯರ್ಥ ಮಾರಾಯ್ರೆ? ಸಿಹಿನೀರು ಉಪ್ಪಿನೊಟ್ಟಿಗೆ ಸೇರಿದ್ರೆ ಅಲ್ವಾ ಇಲ್ಲಿ ಮರುವಾಯಿ, ಸಿಗಡಿ ಆಗುವುದು?” ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಉಪ್ಪು ಒಳಕ್ಕೆ ಏರಿ ದಡದ ಬಾವಿಗಳ ನೀರೂ ಕೆಡುತ್ತದೆ ಎಂದರು. ಜಗಳದ ದನಿಯಲ್ಲ, ಗೊತ್ತಿಲ್ಲದವನಿಗೆ ಹೇಳುವ ದನಿ.

ನಮ್ಮೂರ ಬಾಯಾರಿಕೆ ಸುಳ್ಳಲ್ಲ. ಅವರ ಮಾತೂ ಸುಳ್ಳಲ್ಲ. ವಾಪಸ್ಸು ಶಿರಾಡಿ ಘಾಟಿ ಹತ್ತುವಾಗ ರಸ್ತೆ ಪಕ್ಕದಲ್ಲಿ ಕೆಂಪುಹೊಳೆ ಇಳಿಯುತ್ತಿತ್ತು. ಅದು ಯಾರ ಮನೆಯತ್ತ ಹೊರಟಿದೆ ಎಂದು ಈಗ ತಿಳಿದಿತ್ತು.

“ನೀರು ಹೆಂಗಿತ್ಲಾ?” ಎಂದರು ಅಪ್ಪ.

“ಬೇಕಾದಷ್ಟಿತ್ತಪ್ಪ” ಎಂದೆ. ‘ವ್ಯರ್ಥ’ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ.