ಗಿರಮಿಟ್ಟಿನ ನಡುಗಡ್ಡೆಗೆ

ಎಂ.ಕೆ. ಹುಬ್ಬಳ್ಳಿಯ ನಾವು ಮೂವರು ಮಾರಿಷಸ್ಸಿಗೆ ಹೋಗುವ ಲೆಕ್ಕ ಹಾಕಿದ್ದೇವೆ. ಕೇರಿಯ ಕಟ್ಟೆಯ ಮೇಲೆ ಈ ಮಾತು ಬಿದ್ದಾಗ ಎಲ್ಲರೂ ನಕ್ಕರು. "ಬೆಳಗಾವಿಗೆ ಹೋಗಾಕ ಬಸ್ಸಿನ ರೊಕ್ಕಾ ಎಣಸ್ತೀರಿ, ವಿಮಾನಾ ಹತ್ತೂ ಮಂದಿ ನೀವು!" ನಗಲಿ. ಎರಡು ವರ್ಷ ಕಟ್ಟಿದ ಭಿಶಿ ಕೈಗೆ ಬಂದಿದೆ. ಆ ರೊಕ್ಕದಾಗ ತಗಡು ತೆಗೆದು ಸ್ಲ್ಯಾಬು ಹಾಕಿಸಬಹುದಿತ್ತು ಅಂತಾಳೆ ಅವ್ವ. ಅವಳ ಮಾತೂ ಸುಳ್ಳಲ್ಲ.

ಪೇಟೆಯ ಒಬ್ಬ ಏಜೆಂಟನ ಹತ್ತಿರ ಹೋದೆವು. ನೀಲಿ ಸಮುದ್ರ, ಬಿಳಿ ಮರಳು, ಹೊಸ ಜೋಡಿಗಳ ಚಿತ್ರ ಹರಡಿದ. ನಾವು ಕೇಳಿದ್ದು ರಾಜಧಾನಿ ಪೋರ್ಟ್ ಲೂಯಿಸ್, ಅಲ್ಲಿನ ಬಂದರಿನ ಕಲ್ಲಿನ ಮೆಟ್ಟಿಲು. "ಅಲ್ಲೇನೈತ್ರಿ ನೋಡಾಕ?" ಅಂದ.

ಐತಿ. ಅದರ ಹೆಸರು ಅಪ್ರವಾಸಿ ಘಾಟ್. 1835ರಲ್ಲಿ ಮಾರಿಷಸ್ಸಿನ ಗುಲಾಮಗಿರಿ ರದ್ದಾಯಿತು. ಕಬ್ಬು ರದ್ದಾಗಲಿಲ್ಲ, ಕಡಿಯಲು ಬೇರೆ ಕೈ ಬೇಕಾದವು. ಅದಕ್ಕೂ ಮೊದಲೇ, 1834ರ ನವೆಂಬರ್ 2ರಂದು, 'ಅಟ್ಲಾಸ್' ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದಿಳಿಸಿತ್ತು. ಆಮೇಲೆ ಕಲ್ಕತ್ತ, ಮದ್ರಾಸು, ಮುಂಬಯಿಗಳಿಂದ ಹೋದವರು ಹತ್ತಿರಹತ್ತಿರ ಐದು ಲಕ್ಷ ಜನ. 2006ರಲ್ಲಿ ಯುನೆಸ್ಕೊ ಆ ಘಾಟನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವರು ಹೆಬ್ಬಟ್ಟು ಒತ್ತಿದ ಅಗ್ರಿಮೆಂಟು ಅವರ ಬಾಯಲ್ಲಿ 'ಗಿರಮಿಟ್' ಆಯಿತು. ನಮಗೆ ಗಿರಮಿಟ್ ಅಂದರೆ ಸಂಜೀಕ ಚಹಾದ ಜೋಡಿ ತಿನ್ನುವ ಚುರಮುರಿ! ಅಲ್ಲಿ ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕಡಿತ. 1867ರ ಕಾನೂನಿನ ಮೇಲೆ, ಕರಾರು ಮುಗಿದವನೂ ಫೋಟೋ ಅಂಟಿಸಿದ ಪಾಸು ಹಿಡಿದೇ ತಿರುಗಬೇಕು. ಇದನ್ನೆಲ್ಲ ಓದಿ ಹೇಳಿದಾಗ ಅಣ್ಣ ಬೀಡಿ ಆರಿಸಿ, "ಮುಂಗಡಾ ಎಷ್ಟ ಕೊಡತಿದ್ರಂತ?" ಎಂದು ಕೇಳಿದ. ಅವನು ಪ್ರತಿ ವರ್ಷ ಮುಕಾದಮನ ಕಡೆ ಮುಂಗಡ ತಗೊಂಡು ಕಬ್ಬಿನ ಗ್ಯಾಂಗಿಗೆ ಹೋಗುವವನು. ಮೂರನೆಯವನು ಅವನೇ. ಅವನನ್ನು ಬಿಟ್ಟು ನಾವು ಡಿಗ್ರಿಯವರಿಬ್ಬರೇ ಹೋದರೆ ಅದು ಬರೀ ಪ್ರವಾಸ.

ಪಾಸ್‌ಪೋರ್ಟಿನಲ್ಲಿ ನಾವು ಎರಡು ಜಾತಿಯಾದೆವು. ಅಣ್ಣ ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಹತ್ತನೆಯದು ಪಾಸಾಗದ, ಐವತ್ತು ದಾಟದ, ತೆರಿಗೆ ಕಟ್ಟದ ಅವನಂಥವರದು 'ಇಸಿಆರ್' ಪಾಸ್‌ಪೋರ್ಟು. 18 ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಸರಕಾರದ ಒಪ್ಪಿಗೆ ಬೇಕು. 1983ರ ವಲಸೆ ಕಾಯಿದೆ ಇದು. ದಲ್ಲಾಳಿಗಳ ಮೋಸ ತಡೆಯಲು ಮಾಡಿದ್ದು, ಕೆಟ್ಟದ್ದೇನಲ್ಲ. ಮಾರಿಷಸ್ ಆ ಪಟ್ಟಿಯಲ್ಲೂ ಇಲ್ಲ. ಆದರೆ ಒಂದೇ ಕೇರಿಯ ಮೂವರಲ್ಲಿ ಕೋಯ್ತಾ ಹಿಡಿದ ಕೈಯ ಪುಸ್ತಕಕ್ಕೇ ಈ ಗುರುತು!

ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಮೇಲಿನವರು ಅಂಜುತ್ತಿದ್ದರಂತೆ. ಕೆಡಲಿ ಎಂದೇ ಹೊರಟವರೂ ಇದ್ದಿರಬೇಕಲ್ಲ? ಆದರೆ ವಲಸೆಯ ದಫ್ತರದಲ್ಲಿ ಹೆಸರು, ಅಪ್ಪನ ಹೆಸರು, ವಯಸ್ಸು, ಎತ್ತರ, ಊರುಗಳ ಜೊತೆ ಜಾತಿಗೂ ಒಂದು ಕಲಂ ಇತ್ತು. ಆ ದಫ್ತರಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ನಮ್ಮ ಮನೆತನದವರು ಯಾರೂ ಹೋದ ಸುದ್ದಿ ಇಲ್ಲ. ಆದರೂ ಮುಂಬಯಿ ಹಡಗುಗಳ ಪುಟಗಳಲ್ಲಿ ಆ ಕಲಮನ್ನು ಕಣ್ಣಾರೆ ನೋಡಬೇಕು.

ಯಾವಾಗ ಹೋಗೋದು ಎಂಬುದಕ್ಕೆ ಜಗಳವೇ ಆಯಿತು. ನವೆಂಬರ್ 2 ಅಲ್ಲಿ ರಜೆ, ಘಾಟಿನಲ್ಲಿ ಸಭೆ. ನಮ್ಮಲ್ಲಿ ಆಗ ಕಬ್ಬಿನ ಹಂಗಾಮು ಸುರುವಾಗಿರುತ್ತದೆ, ಅಣ್ಣ ಬರಲಾರ. ಮಂತ್ರಿಗಳ ಹಾರತುರಾಯಿ ಇಲ್ಲೇ ಬೇಕಾದಷ್ಟು ನೋಡಿದ್ದೇವೆ. ಜನವರಿಯಿಂದ ಮಾರ್ಚ್ ತನಕ ಅಲ್ಲಿ ಚಂಡಮಾರುತದ ಕಾಲ. ಜುಲೈ ಅಂದರೆ ಅಲ್ಲಿ ಚಳಿಗಾಲ, ಕಬ್ಬಿನ ಕಟಾವು ನಡೆದಿರುತ್ತದೆ. ಇಲ್ಲಿ ಗ್ಯಾಂಗಿನವರ ಕೈ ಖಾಲಿ. ಜುಲೈ ಗಟ್ಟಿಯಾಯಿತು.

ರಾತ್ರಿ ಬಸ್ಸಿಗೆ ಮುಂಬಯಿ. ಅಲ್ಲಿಂದ ನೇರ ವಿಮಾನದಲ್ಲಿ ಸುಮಾರು ಆರು ತಾಸು. ಗಡಿಯಾರ ಒಂದೂವರೆ ತಾಸು ಹಿಂದಕ್ಕೆ. ನಮ್ಮ ದೇಶದವರಿಗೆ ವೀಸಾ ಇಳಿದ ಮೇಲೇ ಸಿಗುತ್ತದೆ. ತಿರುಗಿ ಬರುವ ಟಿಕೀಟು, ಇಳಿದುಕೊಳ್ಳುವ ಜಾಗದ ಚೀಟಿ, ಖರ್ಚಿನ ರೊಕ್ಕ ತೋರಿಸಬೇಕು. ವಿಮಾನ ನಿಲ್ದಾಣ ದ್ವೀಪದ ಆಗ್ನೇಯಕ್ಕೆ, ರಾಜಧಾನಿ ವಾಯವ್ಯಕ್ಕೆ, ನಡುವೆ ಬಸ್ಸು.

ನಮ್ಮೂರ ಕಬ್ಬಿನ ಎರಡು ಗಣಿಕೆ ಒಯ್ದು ಆ ಮೆಟ್ಟಿಲ ಮೇಲೆ ಇಡೋಣು ಅಂದ ಅಣ್ಣ. ಕಬ್ಬು ಒಳಗೆ ಬಿಡುವುದಿಲ್ಲವಂತೆ. ಬೆಳೆಗೆ ರೋಗ ಅಂಟೀತೆಂದು ಅಲ್ಲಿನ ಕಸ್ಟಮ್ಸಿನ ನಿಷೇಧ. "ಕಡಿಯಾವ್ರನ್ನ ಹಡಗ ತುಂಬ ಬಿಟ್ಕೊಂಡಾರ, ಕಬ್ಬ ಬ್ಯಾಡಂತ?" ಎಂದು ಅವನು ಜೋರಾಗಿ ನಕ್ಕ. ಅವ್ವ ಒಳಗಿಂದಲೇ ಕೇಳಿದಳು, ಕಟಕ ರೊಟ್ಟಿ ಎಷ್ಟು ದಿನಕ್ಕೆ ಬಡಿಯಬೇಕೆಂದು.