ತನ್ನನ್ನೇ ಅರಗಿಸುವ ಗ್ರಂಥಿ

ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯನ್ನು ನೀವು ಪಾಠದಲ್ಲಿ ಓದಿರುವಿರಿ. ಸಸಾರಜನಕವನ್ನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವದ ತವರು ಅದು. 1876ರಲ್ಲಿ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸರು ಆ ಹೆಸರನ್ನಿಟ್ಟರು. ಗ್ರಂಥಿಯು ಈ ಕತ್ತಿಯನ್ನು ಒರೆಯಲ್ಲಿಟ್ಟೇ ಕಳುಹಿಸುತ್ತದೆ. ಒರೆ ಕಳಚುವುದು ಸಣ್ಣ ಕರುಳಿನಲ್ಲಿ. ಅಕಸ್ಮಾತ್ತಾಗಿ ಒಳಗೇ ಕಳಚಿದರೆ? ಟ್ರಿಪ್ಸಿನ್ ಕಣಗಳು ಒಂದನ್ನೊಂದು ಕಡಿದು ನಿರುಪಯುಕ್ತವಾಗುತ್ತವೆ. ಎಂಥ ಏರ್ಪಾಡು, ನೋಡಿರಿ!

ಇದರ ಜೀನು ಏಳನೆಯ ವರ್ಣತಂತುವಿನಲ್ಲಿದೆ. ಅದರಲ್ಲಿ ಒಂದಕ್ಷರ ತಪ್ಪಿದರೆ ಸಾಕು, 122ನೆಯ ಸ್ಥಾನದ ಅರ್ಜಿನೀನ್ ಹೋಗಿ ಹಿಸ್ಟಿಡೀನ್ ಬರುತ್ತದೆ. ಕಡಿಯಬೇಕಾದ ಗಂಟೇ ಮಾಯವಾಗುತ್ತದೆ. ಅಳಿಯದ ಟ್ರಿಪ್ಸಿನ್ ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಈ ಬೇನೆ ಒಂದೇ ಮನೆತನದಲ್ಲಿ ಹರಿದುಬರುವುದನ್ನು 1952ರಲ್ಲಿ ಅಮೆರಿಕದ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್ ತಿಳಿಸಿದ್ದರು. ಜೀನಿನ ದೋಷವು ವಿಟ್‌ಕೂಂಬ್ ಮತ್ತು ಸಂಗಡಿಗರಿಗೆ ಸಿಕ್ಕಿದ್ದು 1996ರಲ್ಲಿ. ಮಾತಾಪಿತರಲ್ಲಿ ಒಬ್ಬರಿಂದ ಬಂದರೂ ರೋಗವುಂಟಾಗಬಹುದು, ಅದೂ ಬಾಲ್ಯದಲ್ಲಿಯೇ.

ಮದ್ಯಪಾನದಿಂದಲೂ ಈ ಗ್ರಂಥಿ ಕೆಡುವುದುಂಟು. ಆದುದರಿಂದಲೇ ನನ್ನ ಸೋದರಮಾವನನ್ನು ಊರವರು ಕುಡುಕನೆಂದು ಕರೆದರು. ಊಟವಾದೊಡನೆ ಬೆನ್ನಿನವರೆಗೆ ಹಬ್ಬುವ ನೋವಿನಿಂದ ಅವರು ಮುದುಡಿ ಮಲಗುತ್ತಿದ್ದರು. ಮದ್ಯವನ್ನು ಮೂಸಿಯೂ ನೋಡಿದವರಲ್ಲ. ಆ ಹೆಸರನ್ನು ಹೊತ್ತೇ ಅವರು ತೀರಿಕೊಂಡರು. ರೋಗದ ಮೂಲವನ್ನು ಯಾರೂ ಪರೀಕ್ಷಿಸಲಿಲ್ಲ.

ನಮ್ಮ ದೇಶದ ಇಂತಹ ರೋಗಿಗಳಲ್ಲಿ ಟ್ರಿಪ್ಸಿನ್ ಜೀನಿನ ದೋಷ ವಿರಳ. ಟ್ರಿಪ್ಸಿನ್ನನ್ನು ಹಿಡಿದು ನಿಲ್ಲಿಸುವ ಸ್ಪಿಂಕ್-1 ಎಂಬ ಇನ್ನೊಂದು ಜೀನಿನ ದೋಷವೇ ಹೆಚ್ಚು. ಎರಡನ್ನೂ ಈಗ ರಕ್ತದಿಂದಲೇ ಪರೀಕ್ಷಿಸಬಹುದು. ಮಾವನ ಕಿರಿಯ ಮಗ ನಿಮ್ಮದೇ ವಯಸ್ಸಿನವನು. ದೀಪಾವಳಿಗೆ ಮುಂಬಯಿಗೆ ಬಂದಾಗ ಅವನಿಗೂ ಅದೇ ನೋವು ಕಾಣಿಸಿತು. ರಕ್ತವನ್ನು ಕೊಟ್ಟುಬಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.